ಸಮಾಜ ವಿಜ್ಞಾನದ ತರಗತಿ: ಮಕ್ಕಳಿಂದ ನಾವು ನಿರೀಕ್ಷಿಸಬೇಕಾದುದೇನು?

ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಮೂರು ವರ್ಷಗಳು ವಿದ್ಯಾರ್ಥಿ ಜೀವನದಲ್ಲಿ ವಿಶೇಷ ಮಹತ್ವವುಳ್ಳವು. ಬಾಲಕ ಬಾಲಿಕೆಯರು ಮನೆಯ ಅಂಗಳವನ್ನು ದಾಟಿ ಸಮಾಜದ ಕಡೆಗೆ ಕಣ್ಣು ತೆರೆಯುವ ಕಾಲವದು. ಆದರೂ ಗಣಿತಕ್ಕೂ ವಿಜ್ಞಾನಕ್ಕೂ ಮನೆಪಾಠ ಇಡಿಸುವ ತಂದೆತಾಯಿಗಳು, ಸಮಾಜ ವಿಜ್ಞಾನವನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಸಾಕೆಂದು ಭಾವಿಸುವುದುಂಟು. ಮಗು ನಿದ್ದೆಗೆಟ್ಟು ಇಸವಿಗಳನ್ನು ಉರು ಹೊಡೆಯುತ್ತದೆ. ಮರುದಿನ ಉತ್ತರಪತ್ರಿಕೆಯಲ್ಲಿ ಅವನ್ನು ಇಳಿಸಿ, ಅದರ ಮರುದಿನ ಮರೆಯುತ್ತದೆ. ಇದರಿಂದ ಆರೋಗ್ಯವೂ ಕೆಡುತ್ತದೆ, ವಿದ್ಯೆಯೂ ದಕ್ಕುವುದಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಶಾಲೆಯ ಹೊರಗಿನ ಜೀವನದೊಡನೆ ಜೋಡಿಸಬೇಕೆಂದೂ, ಕಂಠಪಾಠದ ಪದ್ಧತಿಯಿಂದ ಬಿಡಿಸಬೇಕೆಂದೂ ಹೇಳಿತು. ಭಾಗ್ಯನಗರದ ಕನ್ನಡ ಮಕ್ಕಳಿಗೆ ಈ ಮಾತು ಇಮ್ಮಡಿಯಾಗಿ ಅನ್ವಯಿಸುತ್ತದೆ. ಏಕೆಂದರೆ ಅವರ ಮನೆಯ ಚರಿತ್ರೆ ಒಂದು ರಾಜ್ಯದ್ದು, ಶಾಲೆಯ ಪುಸ್ತಕ ಇನ್ನೊಂದು ರಾಜ್ಯದ್ದು. ಈ ಎರಡನ್ನೂ ಒಂದೇ ಮನಸ್ಸಿನಲ್ಲಿ ನ್ಯಾಯವಾಗಿ ಇರಿಸಿಕೊಳ್ಳಲು ಕಲಿಯುವುದೇ ಅವರ ಸಮಾಜ ವಿಜ್ಞಾನದ ನಿಜವಾದ ಪರೀಕ್ಷೆ. ಅದಕ್ಕಾಗಿ ವಿದ್ಯಾರ್ಥಿಯಿಂದ ನಿರೀಕ್ಷಿಸಬೇಕಾದ ಐದು ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವೇಚಿಸಲಾಗಿದೆ.

1. ನಕ್ಷೆಯನ್ನು ಓದುವ ಅಭ್ಯಾಸ

ಮೊದಲನೆಯದು ಸ್ಥಳಜ್ಞಾನ. ಎಂಟನೆಯ ತರಗತಿಯನ್ನು ಮುಗಿಸುವ ವೇಳೆಗೆ ವಿದ್ಯಾರ್ಥಿಯು ನಕ್ಷೆಯಲ್ಲಿ ತಾನಿರುವ ಸ್ಥಳವನ್ನೂ ತನ್ನ ಹಿರಿಯರ ಊರನ್ನೂ ಯಾರ ಸಹಾಯವಿಲ್ಲದೆ ಗುರುತಿಸಬೇಕು. ಎಲ್ಲೆಗಳು ಬದಲಾಗುತ್ತವೆಂಬುದನ್ನೂ ಅವನು ಅರಿಯಬೇಕು. ಹಳೆಯ ಹೈದರಾಬಾದು ರಾಜ್ಯದಲ್ಲಿ ತೆಲುಗು, ಮರಾಠಿ, ಕನ್ನಡ ಪ್ರದೇಶಗಳು ಒಂದಾಗಿದ್ದವು. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೂ, ಮರಾಠವಾಡ ಮುಂಬಯಿ ರಾಜ್ಯಕ್ಕೂ, ತೆಲಂಗಾಣ ಆಂಧ್ರ ಪ್ರದೇಶಕ್ಕೂ ಸೇರಿದವು. ಮೈಸೂರು 1973ರಲ್ಲಿ ಕರ್ನಾಟಕವಾಯಿತು. ತೆಲಂಗಾಣ 2014ರ ಜೂನ್ 2ರಂದು ಪ್ರತ್ಯೇಕ ರಾಜ್ಯವಾಯಿತು.

1916ರಲ್ಲಿ ಕಟ್ಟಿದ ಕಾಚಿಗೂಡ ರೈಲು ನಿಲ್ದಾಣದ ಮುಂದೆ ಇಂದು ನಿಂತಿರುವ ಬಾಲಕನು ಈ ಮೂರು ನಕ್ಷೆಗಳನ್ನು, ಎಂದರೆ 1948ಕ್ಕೆ ಮುಂಚಿನ, 1956ರ ಅನಂತರದ ಮತ್ತು 2014ರ ಅನಂತರದ ನಕ್ಷೆಗಳನ್ನು, ತನ್ನ ಕೈಯಿಂದಲೇ ಬರೆದು ನೋಡಲಿ. ಬೀದರಿನ ಅಜ್ಜನಿಗೆ ಹೈದರಾಬಾದು ಪರಸ್ಥಳವಾಗಿರಲಿಲ್ಲ, ತನ್ನದೇ ರಾಜಧಾನಿಯಾಗಿತ್ತು ಎಂಬ ಸಂಗತಿ ಆಗ ಅವನಿಗೆ ತಾನಾಗಿ ಹೊಳೆಯುತ್ತದೆ.

2. 'ಇದು ಹೇಗೆ ಗೊತ್ತಾಯಿತು?' ಎಂಬ ಪ್ರಶ್ನೆ

ಎರಡನೆಯದು ಆಧಾರವನ್ನು ಕೇಳುವ ಬುದ್ಧಿ. ಕಾಚಿಗೂಡದಲ್ಲಿ ನೃಪತುಂಗನ ಹೆಸರನ್ನು ಹೊತ್ತ ಕನ್ನಡ ವಿದ್ಯಾಸಂಸ್ಥೆಯಿದೆ. ಆ ನೃಪತುಂಗನು ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಚಕ್ರವರ್ತಿ. ಅವನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಇಷ್ಟನ್ನು ಹೇಳಿದರೆ ಅರ್ಧ ಪಾಠವಾಯಿತು. ಕವಿರಾಜಮಾರ್ಗವನ್ನು ಬರೆದವನು ಅರಸನೇ, ಅಥವಾ ಅವನ ಆಸ್ಥಾನದ ಶ್ರೀವಿಜಯನೇ ಎಂಬ ಚರ್ಚೆ ವಿದ್ವಾಂಸರಲ್ಲಿ ಏಕೆ ನಡೆಯಿತೆಂದು ಕೇಳಿ ತಿಳಿದರೆ ಉಳಿದರ್ಧವೂ ಆಯಿತು. ಆ ಗ್ರಂಥವು ಕನ್ನಡನಾಡಿನ ಉತ್ತರದ ಎಲ್ಲೆಯನ್ನಾಗಿ ಗೋದಾವರಿಯನ್ನು ಹೇಳುತ್ತದೆ. ಇಂದಿನ ಕರ್ನಾಟಕದಲ್ಲಿ ಗೋದಾವರಿ ಎಲ್ಲಿ ಹರಿಯುತ್ತದೆಂದು ನಕ್ಷೆಯಲ್ಲಿ ಹುಡುಕುವ ವಿದ್ಯಾರ್ಥಿಗೆ ಒಂದನೆಯ ಪಾಠವೂ ಎರಡನೆಯ ಪಾಠವೂ ಅಲ್ಲಿ ಕೂಡಿಬರುತ್ತವೆ.

ಮಸ್ಕಿಯ ಉದಾಹರಣೆ ಇನ್ನೂ ಸ್ಪಷ್ಟವಾದುದು. ಅಂದು ನಿಜಾಮರ ಸಂಸ್ಥಾನದಲ್ಲಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರಿಗೆ ಒಂದು ಶಿಲಾಶಾಸನ ದೊರೆಯಿತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇತ್ತು. ಇಲ್ಲಿ ಅದರೊಡನೆ ಅಶೋಕ ಎಂಬ ಹೆಸರೂ ಇತ್ತು. ಆ ಬಿರುದಿನವನೇ ಅಶೋಕನೆಂಬುದು ಶಿಲೆಯ ಸಾಕ್ಷಿಯಿಂದ ದೃಢವಾಯಿತು. ಪುಸ್ತಕದಲ್ಲಿ ಒಂದು ವಾಕ್ಯವಾಗಿ ನಿಂತಿರುವ ಸಂಗತಿಯ ಹಿಂದೆ ಇಂತಹ ಶೋಧನೆಯಿದೆಯೆಂದು ತಿಳಿದ ಮಗು ಮುಂದೆ ಗಾಳಿಸುದ್ದಿಯನ್ನು ಚರಿತ್ರೆಯೆಂದು ನಂಬುವುದಿಲ್ಲ. ಅಂಗೈಯಲ್ಲಿನ ಫೋನಿಗೆ ದಿನವೂ ನೂರು ಸುದ್ದಿಗಳು ಬಂದು ಬೀಳುವ ಈ ಕಾಲದಲ್ಲಿ ಇದು ಅತ್ಯಾವಶ್ಯಕವಾದ ವಿದ್ಯೆ.

3. ಕಾರಣ ಮತ್ತು ಪರಿಣಾಮ

ಮೂರನೆಯದಾಗಿ, ವಿದ್ಯಾರ್ಥಿಯು ಘಟನೆಯನ್ನು ಹೇಳಿದರೆ ಸಾಲದು, ಅದರ ಕಾರಣವನ್ನೂ ಫಲವನ್ನೂ ಸ್ವಂತ ಮಾತುಗಳಲ್ಲಿ ವಿವರಿಸಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಈ ನಗರದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮೇಲ್ಭಾಗದಲ್ಲಿ ಅತಿವೃಷ್ಟಿಯಾಯಿತು, ಅನೇಕ ಕೆರೆಗಳು ಒಡೆದವು, ನೀರು ಒಮ್ಮೆಗೇ ನಗರಕ್ಕೆ ನುಗ್ಗಿತು. ಇದು ಕಾರಣ. ಆಗ ನಿಜಾಮ್ ಸರ್ಕಾರದ ಆಹ್ವಾನದ ಮೇರೆಗೆ 1909ರಲ್ಲಿ ಬಂದವರು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕು, ನಗರಕ್ಕೆ ಒಳಚರಂಡಿಯ ವ್ಯವಸ್ಥೆಯಾಗಬೇಕು ಎಂದು ಅವರು ಯೋಜನೆಯನ್ನು ನೀಡಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಇದು ಫಲ.

ಕಾಚಿಗೂಡಕ್ಕೆ ಸಮೀಪದಲ್ಲಿರುವ ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಿಸೆಯ ಮರವಿದೆ. ಆ ಪ್ರವಾಹದಲ್ಲಿ ಸುಮಾರು 150 ಮಂದಿ ಅದನ್ನೇರಿ ಜೀವ ಉಳಿಸಿಕೊಂಡರೆಂದು ಜನ ಹೇಳುತ್ತಾರೆ. ರಜಾದಿನದಲ್ಲಿ ಮಕ್ಕಳಿಗೆ ಆ ಮರವನ್ನು ತೋರಿಸಿರಿ. ಎಣಿಸಿದವರಾರು ಎಂದು ಮಗು ಕೇಳಿದರೆ ಗದರಿಸಬೇಡಿರಿ. ಅದು ಎರಡನೆಯ ಪಾಠವನ್ನು ಚೆನ್ನಾಗಿ ಕಲಿತಿದೆಯೆಂದು ಸಂತೋಷಪಡಿರಿ.

4. ಬೀದಿಯ ಆರೋಗ್ಯವೂ ಪಾಠವೇ

ನಾಲ್ಕನೆಯದು ಕಲಿತುದನ್ನು ಸುತ್ತಮುತ್ತ ನೋಡುವ ದೃಷ್ಟಿ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ಸಂಬಂಧದ ಮುಖ್ಯ ಸಾಕ್ಷ್ಯವು ದೊರೆತುದು ನಮ್ಮ ಸಿಕಂದರಾಬಾದಿನಲ್ಲಿ. 1897ರ ಆಗಸ್ಟ್ 20ರಂದು ವೈದ್ಯ ರೊನಾಲ್ಡ್ ರಾಸ್ ಅವರು ರೋಗಿಯ ರಕ್ತ ಹೀರಿದ ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಸೂಕ್ಷ್ಮದರ್ಶಕದಿಂದ ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ, ಸೊಳ್ಳೆಯ ಕಡಿತದಿಂದ ಹಕ್ಕಿಗಳಿಗೆ ಆ ಜಾತಿಯ ರೋಗ ಹರಡುವ ಬಗೆಯನ್ನು ಸಿದ್ಧಪಡಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಕಡಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ತನ್ನ ದೇಹವನ್ನು ಆ ಪರೀಕ್ಷೆಗೆ ಒಡ್ಡಿದ ಹುಸೇನ್ ಖಾನ್ ಎಂಬ ರೋಗಿಯ ಹೆಸರು ಎಷ್ಟು ಜನರಿಗೆ ತಿಳಿದಿದೆ? ದೊಡ್ಡವರ ಹೆಸರಿನ ಪಕ್ಕದಲ್ಲಿ ಮರೆತವರ ಹೆಸರನ್ನೂ ಬರೆದಿಡುವುದು ಸಮಾಜ ವಿಜ್ಞಾನದ ಧರ್ಮ.

ಈ ಪಾಠ ಓದಿದ ವಿದ್ಯಾರ್ಥಿಯು ತನ್ನ ಓಣಿಯಲ್ಲಿ ನೀರು ನಿಂತ ತಾಣಗಳನ್ನು, ಮುಚ್ಚಳವಿಲ್ಲದ ತೊಟ್ಟಿಗಳನ್ನು, ನಲ್ಲಿಯಲ್ಲಿ ನೀರು ಬರುವ ವೇಳೆಯನ್ನು ಒಂದು ವಾರ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಲಿ. ಯಾವುದು ಮನೆಯವರ ಹೊಣೆ, ಯಾವುದು ನಗರಪಾಲಿಕೆಯ ಹೊಣೆ ಎಂದು ವಿಂಗಡಿಸಲಿ. ಪೌರನೀತಿಯ ಅಧ್ಯಾಯವೊಂದು ಹೀಗೆ ಅವನ ಕಣ್ಣೆದುರಿಗೇ ತೆರೆದುಕೊಳ್ಳುತ್ತದೆ.

5. ತರಗತಿಯಲ್ಲಿ ನಡೆನುಡಿ

ಐದನೆಯದು ಎಲ್ಲಕ್ಕಿಂತ ಕಠಿಣವಾದುದು. ಹೇಳುವಾಗ ಧೈರ್ಯ, ಕೇಳುವಾಗ ತಾಳ್ಮೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಈ ದಿನವನ್ನು ಕೆಲವರು ವಿಮೋಚನೆಯೆನ್ನುತ್ತಾರೆ, ಕೆಲವರು ವಿಲೀನವೆನ್ನುತ್ತಾರೆ. ರಜಾಕಾರರ ಹಾವಳಿಯಿಂದ ಊರು ಬಿಟ್ಟ ಕನ್ನಡ ಮನೆಗಳಿವೆ. ಅನಂತರ ಭುಗಿಲೆದ್ದ ಹಿಂಸೆಯಲ್ಲಿ ತಮ್ಮವರನ್ನು ಕಳೆದುಕೊಂಡ ಮುಸಲ್ಮಾನ ಮನೆಗಳೂ ಇವೆ. ಈ ಎರಡು ಬಗೆಯ ಮನೆಗಳ ಮೊಮ್ಮಕ್ಕಳೂ ಮರಿಮಕ್ಕಳೂ ಈ ನಗರದಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ.

ಇಲ್ಲಿ ವಿದ್ಯಾರ್ಥಿಯ ಕರ್ತವ್ಯವೇನು? ತನ್ನ ಮನೆಯ ನೆನಪನ್ನು ಅಳುಕದೆ ಹೇಳಬೇಕು; ಪಕ್ಕದವನ ಮನೆಯ ನೆನಪನ್ನು ನಡುವೆ ಬಾಯಿ ಹಾಕದೆ ಕೇಳಬೇಕು; ಅನಂತರ ಇಬ್ಬರೂ ಕೂಡಿ ಪುಸ್ತಕವನ್ನೂ ದಾಖಲೆಯನ್ನೂ ನೋಡಬೇಕು. ಅಂದಿನ ಅಪರಾಧಕ್ಕೆ ಇಂದಿನ ಗೆಳೆಯನನ್ನು ಹೊಣೆ ಮಾಡಬಾರದು. ಸಮಯಕ್ಕೆ ಸರಿಯಾಗಿ ಬರುವುದು, ಕೈಯೆತ್ತಿ ಮಾತನಾಡುವುದು, ಇನ್ನೊಬ್ಬರ ಉತ್ತರವನ್ನು ನಕಲು ಮಾಡದಿರುವುದು ಮೊದಲಾದ ಸಾಮಾನ್ಯ ಶಿಸ್ತುಗಳೆಲ್ಲ ಈ ದೊಡ್ಡ ಶಿಸ್ತಿಗೆ ಪೂರ್ವಸಿದ್ಧತೆಯೇ ಆಗಿವೆ.

ಪೋಷಕರಲ್ಲಿ ಒಂದು ವಿಜ್ಞಾಪನೆ

ಮಕ್ಕಳಿಂದ ಇಷ್ಟನ್ನು ನಿರೀಕ್ಷಿಸುವ ನಾವು ನಮ್ಮ ಪಾಲನ್ನೂ ಸಲ್ಲಿಸಬೇಕು. ಮನೆಯಲ್ಲಿ ಹಿರಿಯರಿದ್ದರೆ ಅವರು ಯಾವ ಭಾಷೆಯಲ್ಲಿ ಓದಿದರೆಂದು ಮಗು ಕೇಳಿ ಬರೆದುಕೊಳ್ಳಲಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾ ಭಾಷೆ ಮೊದಲಲ್ಲಿ ಉರ್ದು ಆಗಿತ್ತು; ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಪೇಟೆಯಲ್ಲಿ ತೆಲುಗು ಆಡುತ್ತ ಬಾಳಿದ ಆ ತಲೆಮಾರಿನ ಅನುಭವ ಯಾವ ಪಠ್ಯಪುಸ್ತಕದಲ್ಲಿಯೂ ಪೂರ್ಣವಾಗಿ ದೊರೆಯದು. ಮಗು ಶಾಲೆಯಲ್ಲಿ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಓದಿದ ಪಾಠವನ್ನು ರಾತ್ರಿ ಊಟದ ವೇಳೆಯಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ಹೇಳಿಸಿರಿ. ಅರ್ಥವಾಗದುದನ್ನು ಇನ್ನೊಂದು ಭಾಷೆಯಲ್ಲಿ ಹೇಳಲು ಬಾರದು. ಆದುದರಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೊಂದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಪುಸ್ತಕ ಮುಚ್ಚಿಸಿ ಮಲಗಿಸಿರಿ.

ಅಂಕಗಳು ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ; ಅರ್ಥ ಮಾಡಿಕೊಂಡು ಓದಿದವನಿಗೆ ಅಂಕಗಳೂ ಬರುತ್ತವೆ. ಆದರೆ ನೆಲೆಸಿದ ನಾಡಿಗೆ ನಿಷ್ಠೆಯಿಂದಲೂ, ಬಿಟ್ಟುಬಂದ ನಾಡಿನ ನೆನಪಿನಿಂದಲೂ, ನೆರೆಯವನ ನೋವಿಗೆ ಕಿವಿಗೊಡುವ ಮನಸ್ಸಿನಿಂದಲೂ ಬೆಳೆದ ಮಗುವೊಂದು ನಮ್ಮ ಮನೆಯಿಂದ ಹೊರಟರೆ, ಸಮಾಜ ವಿಜ್ಞಾನದ ತರಗತಿಯಿಂದ ನಾವು ನಿರೀಕ್ಷಿಸಬೇಕಾದುದು ನೆರವೇರಿತೆಂದೇ ತಿಳಿಯಬೇಕು.