ಇಂಗ್ಲಿಷಿನ ವಿನಯಪೂರ್ವಕ ಕೋರಿಕೆ ಮತ್ತು ಉತ್ತರ: ಕನ್ನಡದ ನೆಲೆಯಿಂದ ಒಂದು ಅವಲೋಕನ

ಇಂಗ್ಲಿಷ್ ವ್ಯಾಕರಣವನ್ನು ಚೆನ್ನಾಗಿ ಬಲ್ಲ ಕನ್ನಡಿಗರ ಕೋರಿಕೆಗಳು ಇಂಗ್ಲಿಷ್ ಭಾಷಿಕರಿಗೆ ಕೆಲವೊಮ್ಮೆ ಅಪ್ಪಣೆಯಂತೆ ಕೇಳಿಸುವುದುಂಟು. ವಾಕ್ಯದಲ್ಲಿ ದೋಷವಿರುವುದಿಲ್ಲ, ಆಡಿದವರ ಮನಸ್ಸಿನಲ್ಲಿ ಅವಿನಯವೂ ಇರುವುದಿಲ್ಲ. ಎರಡು ಭಾಷೆಗಳಲ್ಲಿ ವಿನಯವು ನೆಲೆಗೊಂಡಿರುವ ಸ್ಥಾನವೇ ಬೇರೆಯಾಗಿರುವುದು ಈ ತೊಡಕಿಗೆ ಕಾರಣವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕೋರಿಕೆಯ ರೂಪ

ಕನ್ನಡದ ಮಧ್ಯಮಪುರುಷದಲ್ಲಿ 'ನೀನು', 'ನೀವು' ಎಂಬ ಭೇದವಿದೆ. ವಿಧ್ಯರ್ಥಕ ಕ್ರಿಯಾಪದವೂ ಇದನ್ನು ಅನುಸರಿಸುತ್ತದೆ. 'ಕಿಟಕಿ ತೆಗೆ', 'ಕಿಟಕಿ ತೆಗೆಯಿರಿ' ಇವುಗಳ ನಡುವಣ ಅಂತರ ವಚನದ್ದು ಮಾತ್ರವಲ್ಲ, ಗೌರವದ್ದೂ ಹೌದು. 'ಸ್ವಲ್ಪ ಕಿಟಕಿ ತೆಗೆಯಿರಿ' ಎಂದಾಗ 'ಸ್ವಲ್ಪ' ಎಂಬುದು ಕಿಟಕಿಯನ್ನು ಎಷ್ಟು ತೆಗೆಯಬೇಕೆಂಬುದನ್ನು ಹೇಳದೆ ಕೋರಿಕೆಯ ಭಾರವನ್ನು ಇಳಿಸುತ್ತದೆ. 'ತೆಗೀತೀರಾ?' ಎಂಬ ಪ್ರಶ್ನಾರೂಪವೂ ಬಳಕೆಯಲ್ಲಿದೆ. ಆದರೆ ವಿನಯಕ್ಕೆ ಅದು ಅನಿವಾರ್ಯವಲ್ಲ.

ಇಂಗ್ಲಿಷಿನಲ್ಲಿ 'ದೌ' ಎಂಬ ಏಕವಚನ ರೂಪವು ಸಾಮಾನ್ಯ ಬಳಕೆಯಿಂದ ಮರೆಯಾಗಿ 'ಯೂ' ಒಂದೇ ಉಳಿದಿದೆ. ಆದ್ದರಿಂದ ಗೌರವದ ಹೊಣೆಯನ್ನು ಸರ್ವನಾಮವು ಹೊರಲಾರದು, ವಾಕ್ಯರಚನೆಯೇ ಹೊರಬೇಕು. 'ಓಪನ್ ದ ವಿಂಡೋ' ಎಂಬ ವಿಧಿವಾಕ್ಯದಿಂದ 'ಕ್ಯಾನ್ ಯೂ', 'ಕುಡ್ ಯೂ', 'ವುಡ್ ಯೂ ಮೈಂಡ್', 'ಐ ವಾಸ್ ವಂಡರಿಂಗ್ ಇಫ್ ಯೂ ಕುಡ್' ಎಂದು ಮೆಟ್ಟಿಲುಗಳು ಏರುತ್ತವೆ. ಇಲ್ಲಿನ 'ಕುಡ್', 'ವುಡ್', 'ವಾಸ್' ರೂಪದಲ್ಲಿ ಭೂತಕಾಲದವು. ಆದರೆ ಸೂಚಿಸುವುದು ಕಾಲವನ್ನಲ್ಲ, ಕೇಳುವವರು ಕಾಯ್ದುಕೊಳ್ಳುವ ಸಂಕೋಚದ ದೂರವನ್ನು.

ಜಾನ್ ಸರ್ಲ್ 1975ರಲ್ಲಿ ಪರೋಕ್ಷ ವಾಕ್‌ಕ್ರಿಯೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಸಾಮರ್ಥ್ಯವನ್ನು ಕುರಿತ ಪ್ರಶ್ನೆ ಕೋರಿಕೆಯಾಗುವ ಬಗೆಯನ್ನು ವಿವೇಚಿಸಿದ್ದಾನೆ. ಪೆನೆಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಮಂಡಿಸಿದ ವಿನಯ ಸಿದ್ಧಾಂತದ ಪ್ರಕಾರ, ಮಾತನಾಡುವವರ ಸಾಮಾಜಿಕ ಅಂತರ, ಅವರ ಅಧಿಕಾರದ ವ್ಯತ್ಯಾಸ, ಕೋರಿಕೆಯ ಭಾರ ಈ ಮೂರೂ ಸೇರಿ ಮಾತಿನ ರೂಪವನ್ನು ನಿರ್ಧರಿಸುತ್ತವೆ. ಅವರ ಸಾಮಗ್ರಿಯಲ್ಲಿ ದ್ರಾವಿಡ ಭಾಷೆಯಾದ ತಮಿಳೂ ಇದ್ದುದು ಇಲ್ಲಿ ಗಮನಾರ್ಹ.

'ಪ್ಲೀಸ್', 'ದಯವಿಟ್ಟು' ಇವು ಸಮಾನಾರ್ಥಕಗಳೆಂಬ ಭಾವನೆ ರೂಢಿಯಲ್ಲಿದೆ. ಆದರೆ 'ದಯವಿಟ್ಟು ಪುಸ್ತಕ ಕಳುಹಿಸಿ' ಎಂಬುದು ಕನ್ನಡ ಪತ್ರದಲ್ಲಿ ಸಂಪೂರ್ಣ ಸೌಜನ್ಯದ ಮಾತು. 'ಪ್ಲೀಸ್ ಸೆಂಡ್ ದ ಬುಕ್' ಎಂಬುದು ಅಪರಿಚಿತ ವಿದ್ವಾಂಸರಿಗೆ ಬರೆದಾಗ ಮೃದುಗೊಳಿಸಿದ ಅಪ್ಪಣೆಯಾಗಿಯೇ ಉಳಿಯಬಹುದು. ಇತ್ತ ಇಂಗ್ಲಿಷ್ ಮನೆಗಳಲ್ಲಿ ಮಕ್ಕಳಿಗೆ 'ಪ್ಲೀಸ್' ನಿತ್ಯದ ಪಾಠ. ಕನ್ನಡದ ಮನೆಯಲ್ಲಿ ಊಟಕ್ಕೆ ಕುಳಿತವರು 'ದಯವಿಟ್ಟು ಉಪ್ಪು ಬಡಿಸಿ' ಎಂದರೆ ಅದು ಮುನಿಸೋ ವ್ಯಂಗ್ಯವೋ ಆಗಿ ಕೇಳಿಸುತ್ತದೆ.

2. ಉತ್ತರದ ರೂಪ

ಉತ್ತರವು ಸಲ್ಲಬೇಕಾದುದು ಪ್ರಶ್ನೆಯ ಅಕ್ಷರಾರ್ಥಕ್ಕಲ್ಲ, ಅದರ ಹಿಂದಿನ ಕೋರಿಕೆಗೆ. 'ಕುಡ್ ಯೂ' ಎಂದವರಿಗೆ 'ಯೆಸ್, ಐ ಕುಡ್' ಎನ್ನುವುದು ಸಹಜವಲ್ಲ. 'ಶೂರ್', 'ಆಫ್ ಕೋರ್ಸ್' ಎನ್ನಬೇಕು. 'ಕುಡ್ ಐ' ಎಂದು ಅನುಮತಿ ಕೇಳಿದರೆ 'ಯೆಸ್, ಯೂ ಕ್ಯಾನ್' ಎಂಬುದು ಉತ್ತರ. ಅನುಮತಿ ಕೊಡುವವರಿಗೆ ಸಂಕೋಚದ ರೂಪ ಬೇಕಿಲ್ಲ. 'ವುಡ್ ಯೂ ಮೈಂಡ್' ಎಂಬುದರ ಅಕ್ಷರಾರ್ಥ 'ನಿಮ್ಮ ಅಭ್ಯಂತರವಿದೆಯೇ' ಎಂದು. ಆದ್ದರಿಂದ 'ನಾಟ್ ಅಟ್ ಆಲ್' ಎಂಬ ನಿಷೇಧವೇ ಇಲ್ಲಿ ಸಮ್ಮತಿ. ಕನ್ನಡದ 'ಅಭ್ಯಂತರವಿಲ್ಲ' ಎಂಬ ಉತ್ತರದೊಡನೆ ಇದನ್ನು ಹೋಲಿಸಿ ಕಲಿಸಿದರೆ ಗೊಂದಲ ಸುಲಭವಾಗಿ ಪರಿಹಾರವಾಗುತ್ತದೆ.

ನಿರಾಕರಣೆಯಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. 'ಐ ಆಮ್ ಅಫ್ರೇಡ್ ಐ ಕಾಂಟ್' ಎಂದು ಮೊದಲು ವಿಷಾದ, ಬಳಿಕ ಕಾರಣ ಹೇಳುವುದು ಇಂಗ್ಲಿಷಿನ ರೂಢಿ. ಈ 'ಅಫ್ರೇಡ್' ಭಯಸೂಚಕವಲ್ಲ. ಕನ್ನಡದಲ್ಲಿ 'ಆಗುವುದಿಲ್ಲ' ಎಂದು ಮುಖಕ್ಕೆ ಹೇಳಲು ಹಿಂಜರಿದು 'ನೋಡೋಣ' ಎನ್ನುವುದುಂಟು. ಸಂದರ್ಭವನ್ನು ಬಲ್ಲ ಕೇಳುಗರು ಅದನ್ನು ನಿರಾಕರಣೆಯೆಂದೇ ಗ್ರಹಿಸುತ್ತಾರೆ. ಅದೇ ಭಾವದಿಂದ ಆಡಿದ 'ಐ ವಿಲ್ ಟ್ರೈ' ಎಂಬ ಮಾತನ್ನು ಇಂಗ್ಲಿಷ್ ಭಾಷಿಕರು ಅರ್ಧ ಭರವಸೆಯೆಂದು ತಿಳಿದು ಕಾಯಬಹುದು. ಒಬ್ಬರ ಸೌಜನ್ಯ ಇನ್ನೊಬ್ಬರಿಗೆ ವಚನಭಂಗವಾಗುವುದು ಹೀಗೆ.

3. ಬೋಧನೆ ಮತ್ತು ಅನುವಾದ

ಇದರಿಂದ ಕನ್ನಡವು ವಿನಯದಲ್ಲಿ ಹಿಂದುಳಿದ ಭಾಷೆಯೆಂದು ತೀರ್ಮಾನಿಸಲಾಗದು. ಪರೋಕ್ಷತೆ ಮತ್ತು ವಿನಯ ಒಂದೇ ಅಲ್ಲವೆಂಬುದನ್ನು ಶೋಷನಾ ಬ್ಲುಮ್-ಕುಲ್ಕಾ 1987ರಲ್ಲಿ ಹೀಬ್ರೂ ಮತ್ತು ಇಂಗ್ಲಿಷ್ ಕೋರಿಕೆಗಳ ಅಧ್ಯಯನದಿಂದ ತೋರಿಸಿದ್ದಾರೆ. ಅತಿ ಪರೋಕ್ಷವಾದ ಸೂಚನೆಗಳು ಅತಿ ವಿನಯದವೆಂದು ಪರಿಗಣಿತವಾಗಿರಲಿಲ್ಲ.

ಅನುವಾದದಲ್ಲಿ 'ಕುಡ್ ಯೂ ಗಿವ್ ಮಿ ಸಮ್ ವಾಟರ್' ಎಂಬುದು 'ನೀವು ನನಗೆ ನೀರು ಕೊಡಬಲ್ಲಿರಾ?' ಎಂದಾಗಿಬಿಟ್ಟರೆ ಕನ್ನಡದಲ್ಲಿ ಅದು ನಿಜವಾಗಿಯೂ ಸಾಮರ್ಥ್ಯವನ್ನು ಶಂಕಿಸುವ ಪ್ರಶ್ನೆಯಾಗುತ್ತದೆ. 'ಸ್ವಲ್ಪ ನೀರು ಕೊಡಿ' ಎಂಬುದೇ ಅದರ ನಿಜವಾದ ಸಂವಾದಿ ರೂಪ. ಶಾಲಾ ವ್ಯಾಕರಣಗಳು ವಿಧ್ಯರ್ಥಕ್ಕೆ ಆಶೀರ್ವಾದ, ಅಪ್ಪಣೆ, ಹಾರೈಕೆ ಮೊದಲಾದ ಅರ್ಥಗಳನ್ನು ಹೇಳುತ್ತವೆ. ಆದರೆ 'ಕೊಡಿ' ಎಂಬ ಒಂದೇ ರೂಪ ಯಾವಾಗ ಅಪ್ಪಣೆ, ಯಾವಾಗ ಕೋರಿಕೆ ಎಂಬುದು ವಿಸ್ತೃತ ವಿವರಣೆಯನ್ನು ಬೇಡುತ್ತದೆ. ಆ ವಿವರಣೆ ಮೊದಲು ಕನ್ನಡ ತರಗತಿಯಲ್ಲಿಯೇ ನಡೆದರೆ, ವಿದ್ಯಾರ್ಥಿಯು ಇಂಗ್ಲಿಷಿನ ವಿನಯವನ್ನು ಬಾಯಿಪಾಠ ಮಾಡದೆ, ತನ್ನ ಭಾಷೆಯ ವಿನಯವನ್ನು ಕೀಳೆಂದೂ ಎಣಿಸದೆ, ಎರಡನ್ನೂ ಅವುಗಳ ನೆಲೆಯಲ್ಲಿ ಅರಿಯುವುದು ಸಾಧ್ಯವಾಗುತ್ತದೆ.