ಮರಳಿನ ಅಸಲು, ಮರಳಿನ ಬಡ್ಡಿ

ಕುರ್ಚಿಮೇಜುಗಳನ್ನು ಕೊಂಡವನಿಗೆ ರಸೀತಿಯ ಅಂಕಿಯೊಂದಿಗೆ ವ್ಯವಹಾರ ಬಹುಮಟ್ಟಿಗೆ ಮುಗಿಯುತ್ತದೆ. ಜೀವವುಳ್ಳದ್ದನ್ನು ಕೊಂಡವನಿಗಾದರೋ ಅಲ್ಲಿಂದಲೇ ಆರಂಭವಾಗುತ್ತದೆ. ಫ್ಲಾರಿಡದ ಟ್ಯಾಂಪಾ ನಗರದ ನಮ್ಮ ಬಾಡಿಗೆಮನೆಯಲ್ಲಿ, ಹವಳಗಳಿಗೂ ಒಂದೆರಡು ಮೀನುಗಳಿಗೂ ಆಶ್ರಯವಾಗಿರುವ 20 ಗ್ಯಾಲನ್ನಿನ, ಎಂದರೆ ಸುಮಾರು 75 ಲೀಟರಿನ, ಉಪ್ಪುನೀರಿನ ತೊಟ್ಟಿಯೊಂದನ್ನು ಇಟ್ಟುಕೊಂಡಿರುವ ನಾನು, ಅದರ ತಳದ ಮರಳನ್ನು ಶುಚಿಯಾಗಿಡತಕ್ಕ ಪ್ರಾಣಿಗಳನ್ನು ಆರಿಸಬೇಕಾಗಿ ಬಂದಾಗ ಈ ಲೆಕ್ಕವನ್ನು ಪೈಸೆಪೈಸೆಯಾಗಿ ಹಾಕಿನೋಡಿದೆನು.

ಎರಡಂಗುಲ ದಪ್ಪಕ್ಕೆ ಹರಡಿದ ಆ ಮರಳು ನಿರ್ಜೀವ ಪದಾರ್ಥವಲ್ಲ. ಮೀನಿನ ಮಲವೂ ಮಿಕ್ಕ ಆಹಾರವೂ ಕೊಳೆತು ಹುಟ್ಟುವ ಅಮೋನಿಯವನ್ನು ನೈಟ್ರೈಟಾಗಿಯೂ, ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸತಕ್ಕ ಬ್ಯಾಕ್ಟೀರಿಯಗಳು ಅದರ ಕಣಕಣಕ್ಕೂ ಅಂಟಿಕೊಂಡಿರುತ್ತವೆ. ಕೂದಲೆಳೆಯಂಥ ಹುಳುಗಳೂ ಕಂಡೂ ಕಾಣದ ಕೋಪಿಪಾಡುಗಳೆಂಬ ಕಿರುಪ್ರಾಣಿಗಳೂ ಅದರೊಳಗೆ ಸಂಸಾರ ಹೂಡಿರುತ್ತವೆ. ತಿಂಗಳುಗಟ್ಟಲೆ ಕಾದಮೇಲೆ ಕೂಡಿಬರುವ ಈ ಜೀವರಾಶಿಯೇ ತೊಟ್ಟಿಯ ಅಸಲು. ಅದರ ಮೇಲೆ ದಿನದಿನವೂ ಬಂದು ಬೀಳುವ ಆಹಾರದ ಚೂರು, ಕಂದುಬಣ್ಣದ ಡಯಾಟಮ್ ಪಾಚಿಯ ಪೊರೆ, ಇವು ಬಡ್ಡಿ. ಬಡ್ಡಿಯಲ್ಲಿ ಬಾಳುವ ಪ್ರಾಣಿಯನ್ನು ಮನೆಗೆ ತರಬೇಕು; ಅಸಲಿಗೆ ಕೈಹಾಕುವುದನ್ನು, ಅದು ಎಷ್ಟೇ ಮನೋಹರವಾಗಿರಲಿ, ಅಂಗಡಿಯಲ್ಲಿಯೇ ಬಿಟ್ಟುಬರಬೇಕು.

ಅಂಗಡಿಯವನು ಮೊದಲು ತೋರಿಸಿದ್ದು ಮರಳು ಜಾಲಿಸುವುದೆಂದು ಹೆಸರಾದ ನಕ್ಷತ್ರಮೀನನ್ನು. ಶಾಸ್ತ್ರಜ್ಞರು ಇದನ್ನು ಆಸ್ಟ್ರೋಪೆಕ್ಟೆನ್ ಎನ್ನುತ್ತಾರೆ. ಬೆಲೆ 18 ಡಾಲರು. ಮರಳಿನ ಮೇಲಿಟ್ಟೊಡನೆ ತೋಳುಗಳ ಅಡಿಯ ಮೊನಚು ಪಾದಗಳನ್ನು ಆಡಿಸುತ್ತ, ಅಲುಗಿದಂತೆ ಕಾಣದೆಯೇ ಕೆಳಕ್ಕಿಳಿದು, ಐದು ತೋಳುಗಳ ಗುರುತನ್ನು ಮಾತ್ರ ಉಳಿಸಿ ಮಾಯವಾಗುವ ಅದರ ಚಮತ್ಕಾರಕ್ಕೆ ನಾನು ಬೆರಗಾಗಿ ನಿಂತಿರಲು, ಪಕ್ಕದಲ್ಲಿದ್ದ ನನ್ನ ಹೆಂಡತಿ, “ಕಸವೆಲ್ಲ ಮುಗಿದಮೇಲೆ ಇದು ಏನು ತಿನ್ನತ್ತಂತೆ, ಕೇಳಿದಿರಾ?” ಎಂದಳು. ಆ ಪ್ರಶ್ನೆಯಲ್ಲಿಯೂ ನಕ್ಷತ್ರಮೀನಿಗೆ ಸಲ್ಲದ ಗೌರವವೊಂದಿತ್ತು. ಏಕೆಂದರೆ ಅದರ ಮುಖ್ಯ ಆಹಾರ ಕಸವೇ ಅಲ್ಲ. ಮರಳಿನೊಳಗಿನ ಹುಳುಗಳನ್ನೂ ಸಣ್ಣ ಬಸವನಹುಳುಗಳನ್ನೂ ಇಡಿಯಾಗಿ ನುಂಗಿ, ಮಲದ್ವಾರವಿಲ್ಲದ ಕಾರಣ ಬರಿದಾದ ಚಿಪ್ಪನ್ನು ಬಾಯಿಂದಲೇ ಹೊರಹಾಕುವ ಪ್ರಾಣಿ ಅದು. ಸಣ್ಣ ತೊಟ್ಟಿಯಲ್ಲಿ ಅಸಲನ್ನೆಲ್ಲ ಕರಗಿಸಿ, ಕಡೆಗೆ ತಾನೂ ಹಸಿವಿನಿಂದ ಸಾಯುತ್ತದೆ. ಮರಳಿನಡಿ ಕೊಳೆತ ದೇಹದಿಂದ ಏರುವ ಅಮೋನಿಯ ಹವಳಗಳಿಗೆ ಅಪಾಯವನ್ನು ತರುತ್ತದೆ.

ಮರಳನ್ನು ಬಾಯ್ತುಂಬ ತುಂಬಿಕೊಂಡು ಕಿವಿರಿನ ಮೂಲಕ ಸೋಸಿ ಹೊರಬಿಡುವ ವ್ಯಾಲೆನ್ಸಿಯೆನ್ನಿಯ ಜಾತಿಯ ಗೋಬಿ ಮೀನಿನ ಬೆಲೆ 30 ಡಾಲರು. ಇದೂ ಹುಡುಕುವುದು ಅದೇ ಕ್ಷುದ್ರಜೀವಿಗಳನ್ನು. ಅವು ತೀರಿದಮೇಲೆ ಮೀನು ಬಡಕಲಾಗದಂತೆ ದಿನಕ್ಕೆ ಎರಡು ಮೂರು ಸಲ ಆಹಾರವಿಕ್ಕಬೇಕು. ಕಸವನ್ನು ತೆಗೆಯಲೆಂದು ತಂದ ಪ್ರಾಣಿಗೆ, ಹೊಸ ಕಸವನ್ನು ಹುಟ್ಟಿಸುವಷ್ಟು ಊಟವನ್ನು ಹಣ ತೆತ್ತು ತರುವ ವ್ಯವಹಾರವನ್ನು ಯಾವ ಜಮಾಖರ್ಚಿನ ಪುಸ್ತಕವೂ ಒಪ್ಪದು. ಅದು ಉಗುಳಿದ ಮರಳು ಹವಳಗಳ ಮೇಲೆ ಸುರಿಯುವ ಕಷ್ಟವಂತೂ ಬೇರೆ.

ನಾನು ತಂದದ್ದು ತಲಾ 3 ಡಾಲರಿನ ಐದು ನಸ್ಸೇರಿಯಸ್ ಬಸವನಹುಳುಗಳನ್ನು, ತಲಾ 2 ಡಾಲರಿನ ನಾಲ್ಕು ಸೆರಿತ್ ಬಸವನಹುಳುಗಳನ್ನು ಮತ್ತು 15 ಡಾಲರಿನ ಒಂದು ಶಂಖದ ಹುಳುವನ್ನು; ಒಟ್ಟು 38 ಡಾಲರು. ನಸ್ಸೇರಿಯಸ್ ಮರಳಿನಲ್ಲಿ ಹುದುಗಿದ್ದು, ನೀರೆಳೆದುಕೊಳ್ಳುವ ಸಣ್ಣ ನಳಿಗೆಯನ್ನು ಮಾತ್ರ ಮೇಲಕ್ಕೆ ಚಾಚಿರುತ್ತದೆ. ಕರಗಿಸಿದ ಮೈಸಿಸ್ ಸೀಗಡಿಯನ್ನು ನೀರಿಗೆ ಬಿಟ್ಟೆನೆಂದರೆ ಆ ನಳಿಗೆ ವಾಸನೆ ಹಿಡಿದು ಅತ್ತಿತ್ತ ತಿರುಗುತ್ತದೆ. ಒಂದೊಂದು ಕಡೆ ಮರಳು ಉಬ್ಬಿ ಒಡೆದು, ಹುಳುಗಳೆಲ್ಲ ಎದ್ದು, ಬಸವನಹುಳುವಿನ ಕುಲಕ್ಕೇ ಅಪವಾದವೆನಿಸುವ ವೇಗದಲ್ಲಿ ಹರಿದು, ಕಲ್ಲಿನ ಸಂದಿಯಲ್ಲಿ ಮೀನಿಗೆ ಎಟುಕದ ಚೂರನ್ನು ತಿಂದು ಮತ್ತೆ ಮುಳುಗುತ್ತವೆ. ಹೀಗೆ ಏರಿಳಿಯುವುದರಿಂದಲೇ ಮರಳು ಹೆಪ್ಪುಗಟ್ಟದೆ ಸಡಿಲವಾಗಿರುತ್ತದೆ. ಇವು ಪಾಚಿಯನ್ನು ಮುಟ್ಟವು. ಆ ಭಾಗವನ್ನು ರಾತ್ರಿ ಹೊರಬರುವ ಸೆರಿತ್‌ಗಳು ನೋಡಿಕೊಳ್ಳುತ್ತವೆ. ಕೊಳ್ಳುವಾಗ ಒಂದು ಎಚ್ಚರ ಬೇಕು: ಅಟ್ಲಾಂಟಿಕ್ ಕರಾವಳಿಯ ಕೆಸರಿನಲ್ಲಿ ವಾಸಿಸುವ ಇಲ್ಯಾನಸ್ಸ ಎಂಬ ಹುಳು ಕೆಲವೊಮ್ಮೆ ನಸ್ಸೇರಿಯಸ್ ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ತಂಪು ನೀರಿಗೆ ಒಗ್ಗಿದ ಅದು ಹವಳದ ತೊಟ್ಟಿಯ 25, 26 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಬಹುಕಾಲ ಬಾಳದು. ಅಗ್ಗವೆಂದು ಕೊಂಡರೆ ಮತ್ತೆ ಮತ್ತೆ ಕೊಳ್ಳಬೇಕಾದೀತು.

ಸೊಂಡಿಲಿನಂಥ ಮೂತಿಯಿಂದ ಮರಳಿನ ಮೇಲಣ ಪಾಚಿಯನ್ನು ಸವರಿಕೊಂಡು ತಿನ್ನುವ ನನ್ನ ಶಂಖದ ಹುಳು ಸ್ಟ್ರಾಂಬಸ್ ಅಲಾಟಸ್ ಜಾತಿಯದು. ಅದನ್ನು ಆರಿಸುವಾಗ ನಾನು ನೋಡಿದ್ದು ಗ್ಯಾಲನ್ನನ್ನಲ್ಲ, ತಳದ ವಿಸ್ತಾರವನ್ನು. 30 ಅಂಗುಲ ಉದ್ದ, 12 ಅಂಗುಲ ಅಗಲದ ನನ್ನ ತೊಟ್ಟಿಗೆ ಎರಡೂವರೆ ಚದರಡಿ ನೆಲವಿದೆ. ಅದೇ 20 ಗ್ಯಾಲನ್ನಿನ ಎತ್ತರದ ತೊಟ್ಟಿಗೆ ಎರಡೇ ಚದರಡಿ. ಗ್ಯಾಲನ್ನಿಗೆ ಇಷ್ಟು ಹುಳುಗಳೆಂದು ಕಟ್ಟುಕಟ್ಟಾಗಿ ಮಾರುವವರು ನೀರನ್ನು ಅಳೆಯುತ್ತಾರೆ. ಹುಳುಗಳಾದರೋ ನೆಲವನ್ನು ಮೇಯುತ್ತವೆ. ಈ ಶಂಖಗಳು ನಮ್ಮ ದಕ್ಷಿಣಕ್ಕಿರುವ ಸ್ಯಾನಿಬೆಲ್ ದ್ವೀಪದ ತೀರದಲ್ಲಿ ಬಿಟ್ಟಿಯಾಗಿಯೇ ಸಿಕ್ಕುವುವಲ್ಲವೆ ಎಂದು ಕೇಳಿದವರುಂಟು. ಆ ದ್ವೀಪವಿರುವ ಲೀ ಕೌಂಟಿಯಲ್ಲಿ ಜೀವವಿರುವ ಶಂಖವನ್ನು ಒಯ್ಯುವುದು ನಿಷಿದ್ಧ. ಭಾರತದ ನಮ್ಮ ಊರುಗಳಲ್ಲಿ ಈ ಹವ್ಯಾಸಕ್ಕೆ ಕೈಯಿಡುವವರೂ, ಅಲ್ಲಿಯ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಕಡಲಸೌತೆಗಳೆಂಬ ಪ್ರಾಣಿಗಳೂ ಬಂಡೆಗಟ್ಟುವ ಹವಳಗಳೂ 2001ರಲ್ಲಿಯೇ ಸೇರಿವೆಯೆಂಬುದನ್ನು ಮರೆಯಬಾರದು.

ಕೊಂಡ ಬೆಲೆಯನ್ನು ಬಾಳಿದ ತಿಂಗಳುಗಳಿಗೆ ಹಂಚಿ ನೋಡಿದರೆ, ನಕ್ಷತ್ರಮೀನು ಆರು ತಿಂಗಳು ಬದುಕಿತೆಂದರೆ ತಿಂಗಳಿಗೆ 3 ಡಾಲರು. ಒಂದು ನಸ್ಸೇರಿಯಸ್ ಎರಡು ವರ್ಷ ಬಾಳಿತೆಂದರೆ ತಿಂಗಳಿಗೆ ಹನ್ನೆರಡೂವರೆ ಸೆಂಟು. ಆದರೂ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಯಾವ ಪ್ರಾಣಿಯೂ ಕಸವನ್ನು ಇಲ್ಲವಾಗಿಸುವುದಿಲ್ಲ, ತಿಂದು ಸಣ್ಣದು ಮಾಡುತ್ತದೆ, ಅಷ್ಟೆ. ಅದನ್ನು ತೊಟ್ಟಿಯಿಂದ ಹೊರಗೆ ಸಾಗಿಸತಕ್ಕದ್ದು ನೀರನ್ನು ಬದಲಾಯಿಸುವ ಕೈ ಮತ್ತು 12 ಡಾಲರಿನ ಸೈಫನ್ ಕೊಳವೆ. ಆದಕಾರಣ ಮರಳು ಮತ್ತೆ ಕಂದಾದಾಗ ಅಂಗಡಿಗೆ ಹೊರಡುವ ಮೊದಲು ಮೀನಿಗೆ ಹಾಕುವ ಊಟವನ್ನು ಒಂದು ವಾರ ಅರ್ಧಕ್ಕಿಳಿಸಿ ನೋಡುವುದು ಮೇಲು; ಅದಕ್ಕೆ ಕಾಸು ಖರ್ಚಿಲ್ಲ, ಆಹಾರದ ಪೊಟ್ಟಣವೂ ಇನ್ನಷ್ಟು ದಿನ ಬರುತ್ತದೆ.