ಮೂತ್ರಪಿಂಡದ ಕಸಿಗಾಗಿ ಕಾಯುವ ದಿನಗಳಲ್ಲಿ

ಆಸ್ಪತ್ರೆಯ ಮೂಲಕ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದ ಮೇಲೆ ಕರೆ ಎಂದು ಬರುವುದೆಂಬುದನ್ನು ಯಾವ ವೈದ್ಯನೂ ಹೇಳಲಾರ, ನಾನೂ ಹೇಳಲಾರೆ. ಆದುದರಿಂದ ದಿನಗಳನ್ನೆಣಿಸುತ್ತ ಕುಗ್ಗದಿರಿ. ಶಸ್ತ್ರಕ್ರಿಯೆಯನ್ನು ತಾಳಬಲ್ಲಂತೆ ದೇಹವನ್ನು ಸಿದ್ಧವಾಗಿಟ್ಟುಕೊಳ್ಳುವುದೇ ಈಗ ನಿಮ್ಮ ಕೆಲಸ. ಸಾಮಾನ್ಯವಾಗಿ ವಾರಕ್ಕೆ 2–3 ಸಲ, ಸುಮಾರು 4 ಗಂಟೆಗಳ ಕಾಲ ನಡೆಯುವ ಡಯಾಲಿಸಿಸನ್ನು ಬೇಸರದಿಂದ ತಪ್ಪಿಸಬಾರದು. ಬೆಳಿಗ್ಗೆ ಎದ್ದೊಡನೆ ತೋಳಿನ ಫಿಸ್ಟುಲಾದ ಮೇಲೆ ಬೆರಳಿಟ್ಟು ನೋಡಿರಿ. ಒಳಗಿನ ಕಂಪನ ತಿಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಬನ್ನಿರಿ.

ನೋಡಲು ಬರುವ ನೆಂಟರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರುತ್ತಾರೆ. ಅವುಗಳಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಹೆಚ್ಚಿದರೆ ಹೃದಯದ ಬಡಿತವೇ ಕೆಡಬಹುದು, ಸಂಕೋಚಪಡದೆ ಬೇಡವೆನ್ನಿರಿ. ನಿದ್ರೆ ಬಾರದೆ ಮನಸ್ಸು ಕುಗ್ಗಿದಲ್ಲಿ ಅದನ್ನೂ ವೈದ್ಯರಿಗೆ ತಿಳಿಸಿರಿ, ಅದಕ್ಕೂ ಚಿಕಿತ್ಸೆಯುಂಟು. ಕರೆ ನಡುರಾತ್ರಿಯಲ್ಲಿಯೂ ಬರಬಹುದು; ದೂರವಾಣಿ ಸಂಖ್ಯೆ ಬದಲಾದರೆ ಅಂದೇ ಆಸ್ಪತ್ರೆಗೆ ತಿಳಿಸಿರಿ.